ಮೆಟ್ಟಿಲ ಅಧ್ಯಾಯ

ಕಾದಂಬರಿಗಳಲ್ಲಿ ಬರುವ ಹೊಡೆದಾಟ ಓದಿದರೆ ನನಗೆ ವಾಕರಿಕೆ ಬರುತ್ತದೆ. ರಕ್ತಕ್ಕಲ್ಲ, ಸುಳ್ಳಿಗೆ. ನಾಯಕ ಒಬ್ಬನೇ ನಿಂತು ಹತ್ತು ಜನರನ್ನು ಕೆಡವುತ್ತಾನೆ, ಕೆಡವುತ್ತಲೇ ಅವರಿಗೆ ಬುದ್ಧಿವಾದ ಬೇರೆ ಹೇಳುತ್ತಾನೆ, ಕೊನೆಗೆ ಕಾಲರ್ ಸರಿಮಾಡಿಕೊಂಡು ನಾಯಕಿಯ ಕಡೆ ತಿರುಗಿ ನಗುತ್ತಾನೆ. ಅಯ್ಯಾ ಪುಣ್ಯಾತ್ಮ, ಒಂದು ನಿಮಿಷ ಯಾರ ಜೊತೆಗಾದರೂ ನಿಜವಾಗಿ ಗುದ್ದಾಡಿ ನೋಡು. ಬುದ್ಧಿವಾದ ಹಾಗಿರಲಿ, ಉಗುಳು ನುಂಗುವುದಕ್ಕೂ ಬಾಯಲ್ಲಿ ಪಸೆ ಇರುವುದಿಲ್ಲ. ಮೂಗು ಸೋರುತ್ತಿರುತ್ತದೆ, ಒರೆಸಿಕೊಳ್ಳುವುದಕ್ಕೆ ಕೈಗೆ ಬಿಡುವಿರುವುದಿಲ್ಲ.

ಇದು ನನ್ನ ಕಸುಬು, ಅದಕ್ಕೇ ಇಷ್ಟು ಉರಿ. ನಾಟಕದವರಿಗೆ ಹೊಡೆದಾಟ ಕಲಿಸಿ ಹೊಟ್ಟೆ ಹೊರೆಯುತ್ತೇನೆ. ಯಾರಿಗೂ ಏಟಾಗದೆ, ಆದರೆ ಏಟಾಯಿತೆಂದು ಕೊನೆಯ ಸಾಲಿನವರಿಗೂ ಅನ್ನಿಸುವ ಹಾಗೆ ಹೊಡೆಯುವುದು, ಬೀಳುವುದು, ಎಳೆದಾಡುವುದು. ನಟರು ನನ್ನನ್ನು ಪೆಟ್ಟಮ್ಮ ಎಂದು ಕರೆಯುತ್ತಾರೆ, ಬೆನ್ನ ಹಿಂದೆ ಅಲ್ಲ, ಎದುರಿಗೇ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ತರಗತಿ. ಕೆಳಗಿನಿಂದ ರಬ್ಬರಿನ ವಾಸನೆ, ಮೇಲೆ ಚಾಪೆಗಳಿಗೆ ಹತ್ತಿದ ಬೆವರಿನ ವಾಸನೆ. ಎರಡೂ ಸೇರಿದರೆ ಹೊಸಬರು ಮೂಗು ಮುಚ್ಚಿಕೊಂಡೇ ಒಳಗೆ ಬರುತ್ತಾರೆ.

ಆ ಭಾನುವಾರ ಬಂದವರು ನಟರಲ್ಲ, ಬರಹಗಾರರು. ಪತ್ತೇದಾರಿ, ಸಾಹಸ ಅಂತ ಪುಸ್ತಕ ಹಾಕುವ ಪ್ರಕಾಶಕರೊಬ್ಬರು ನನ್ನ ಹತ್ತಿರ ಬಂದು, "ಮೇಡಂ, ನಮ್ಮವರು ಕುರ್ಚಿ ಬಿಟ್ಟು ಎದ್ದೇ ಇಲ್ಲ. ಒಂದು ದಿನ ಕೈಯಾರೆ ಮಾಡಿಸಿಬಿಡಿ, ಬರವಣಿಗೆಗೆ ಜೀವ ಬರುತ್ತೆ" ಅಂದಿದ್ದರು. ಆ ಮಾತು ಸರಿಯಾಗಿಯೇ ಇತ್ತು. ಜೊತೆಗೆ, "ನಿಮ್ಮ ಭಾವನವರೇ ಮುಖ್ಯ ಅತಿಥಿ" ಅಂದು ಹಲ್ಲು ಕಿರಿದಿದ್ದರು.

ನನ್ನ ಭಾವ, ಅಂದರೆ ಅಕ್ಕನ ಗಂಡ, ದೊಡ್ಡ ಕಾದಂಬರಿಕಾರರು. ಹೊಡೆದಾಟ ಬರೆಯುವುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಪತ್ರಿಕೆಗಳು ಹಾಡಿ ಹೊಗಳುತ್ತವೆ. ಮನುಷ್ಯ ನೋಡಿದರೆ ಇರುವೆಗೂ ದಾರಿ ಬಿಡುವ ಹಾಗೆ ಕಾಣುತ್ತಾರೆ. ಮೆಲು ಮಾತು, ನೀಟಾಗಿ ಕತ್ತರಿಸಿದ ಉಗುರು, ಇಸ್ತ್ರಿ ಮುರಿಯದ ಅಂಗಿ. ಜೋರಾಗಿ ಸೀನಿದ್ದನ್ನೂ ನಾನು ಕೇಳಿದವಳಲ್ಲ. ಹಾಗಾಗಿ ಅವರ ಪುಸ್ತಕದ ಪೆಟ್ಟುಗಳು ಅಷ್ಟು ನಿಜವಾಗಿ ಹೇಗೆ ಬರುತ್ತವೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ, ದೊಡ್ಡ ಪ್ರತಿಭೆ ಇರಬೇಕು ಅಂದುಕೊಂಡಿದ್ದೆ.

ಬೆಳಿಗ್ಗೆ ಬರಹಗಾರರಿಗೆ ದಪ್ಪ ದಿಂಬು ಗುದ್ದಿಸಿದೆ. ಅರೆ ನಿಮಿಷಕ್ಕೆ ಎಲ್ಲರ ಬಂಡವಾಳ ಬಯಲಾಯಿತು. ಒಬ್ಬರ ಮಣಿಕಟ್ಟು ಉಳುಕಿತು, ಇನ್ನೊಬ್ಬರು ಕಿಟಕಿ ಹತ್ತಿರ ಓಡಿಹೋಗಿ ಓಕರಿಸಿದರು. ದಪ್ಪ ಕನ್ನಡಕದ ಒಬ್ಬ ಔಷಧಿ ಅಂಗಡಿಯವನಿದ್ದ, ನಾನು ಮನಸ್ಸಿನಲ್ಲೇ ಸೋಡಾಬುಡ್ಡಿ ಎಂದು ಹೆಸರಿಟ್ಟಿದ್ದೆ. ಅವನು ಏದುಸಿರು ಬಿಡುತ್ತಾ, "ಮೇಡಂ, ನನ್ನ ಹೀರೋ ಇದನ್ನ ಎರಡು ಪುಟ ಮಾಡ್ತಾನೆ!" ಅಂದ. "ಹಾಗಾದ್ರೆ ಎರಡು ಸಾಲಿಗೆ ಇಳಿಸಿ. ಮಿಕ್ಕಿದ್ದರಲ್ಲಿ ಅವನು ಕೂತು ಉಸಿರಾಡ್ಲಿ" ಅಂದೆ. ಎಲ್ಲರೂ ನಕ್ಕರು. ಗುದ್ದಿದವನ ಗೆಣ್ಣಿಗೇ ಮೊದಲು ನೋವಾಗುತ್ತದೆ, ಏಟು ಬರುವುದು ಕಣ್ಣಿಗೆ ಕಾಣುವುದೇ ಇಲ್ಲ, ಮುಗಿದ ಮೇಲೆ ಕಾಲು ನಡುಗುತ್ತದೆ. ಇವನ್ನೆಲ್ಲ ನಾನು ಹೇಳಬೇಕಾಗಲಿಲ್ಲ, ಅವರ ಮೈಯೇ ಅವರಿಗೆ ಹೇಳಿತು. ಅಲ್ಲಿಯವರೆಗೆ ನನಗೂ ಖುಷಿಯಾಗಿಯೇ ಇತ್ತು.

ಭಾವ ಬಂದದ್ದು ಆಮೇಲೆ. ಹಿಂದೆಯೇ ಅಕ್ಕ, ಅವರ ಚೀಲ, ನೀರಿನ ಬಾಟಲಿ, ಶಾಲು ಹಿಡಿದುಕೊಂಡು. ಸೆಕೆಯಲ್ಲೂ ಮಣಿಕಟ್ಟಿನವರೆಗೆ ಮುಚ್ಚುವ ತೋಳಿನ ಉಡುಪು. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು, ಮೂಲೆಯ ಬೆಂಚಿನ ಮೇಲೆ ಕುಳಿತಳು.

ಭಾವ ಚಾಪೆಯ ಮೇಲೆ ಕಾಲಿಡಲಿಲ್ಲ, ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಮಾತಾಡಿದರು. "ಹೊಡೆದಾಟ ಬರೆಯುವವನು ಹೊಡೆಯುವವನನ್ನಲ್ಲ, ಹೊಡೆತ ತಿಂದವನನ್ನ ನೋಡ್ಬೇಕು. ಪೆಟ್ಟು ಬಿದ್ದ ಕ್ಷಣ ಮೊದಲು ಆಗೋದು ನೋವಲ್ಲ. ನಾಚಿಕೆ. ಯಾರಾದ್ರೂ ನೋಡಿದ್ರಾ ಅನ್ನೋ ನಾಚಿಕೆ. ನೋವು ಆಮೇಲೆ ಬರುತ್ತೆ."

"ವಾಹ್!" ಅಂದರು ಪ್ರಕಾಶಕರು. ಅವರ ವಾರಪತ್ರಿಕೆಯಲ್ಲಿ ಭಾವ ಬರೆಯುತ್ತಿದ್ದ ಧಾರಾವಾಹಿಯಲ್ಲಿ ಆ ವಾರವಷ್ಟೇ ಬಂದ ಬಾಗಿಲ ಸಂದಿಯ ದೃಶ್ಯವನ್ನು ಒಬ್ಬೊಬ್ಬರೂ ಕೊಂಡಾಡಿದರು. ಅದರಲ್ಲಿ ಒಬ್ಬಳ ತೋಳು ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ, ಅವಳು ಕಿರುಚದೆ, ಬಾಗಿಲ ಬಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ನೋಡುತ್ತಾ ನಿಲ್ಲುತ್ತಾಳೆ. "ಓದೋವಾಗ ನನ್ನ ಕೈಯೇ ನೋವಾಯ್ತು ಸಾರ್" ಅಂದ ಸೋಡಾಬುಡ್ಡಿ. "ಇದೆಲ್ಲ ಹೇಗೆ ಹೊಳೆಯುತ್ತೆ ನಿಮಗೆ?"

"ಹೊಳೆಯೋದಲ್ಲಪ್ಪ. ಅನುಭವ" ಅಂದರು ಭಾವ, ಕರವಸ್ತ್ರದಿಂದ ತುಟಿ ಒರೆಸಿಕೊಳ್ಳುತ್ತಾ.

ಆಮೇಲೆ ಬೀಳುವ ಪಾಠ. ಹೊಸಬರು ಬೀಳುವಾಗ ಮಾಡುವ ತಪ್ಪು ಒಂದೇ, ಕೈಯನ್ನು ಹಿಂದೆ ಊರಲು ಹೋಗುತ್ತಾರೆ, ಮಣಿಕಟ್ಟು ಮುರಿದುಕೊಳ್ಳುತ್ತಾರೆ. ಮೊಣಕಾಲು ಮಡಿಸಿ, ಗದ್ದ ಎದೆಗೆ ಒತ್ತಿ, ತೊಡೆಯ ಪಕ್ಕದಿಂದ ಹೆಗಲಿಗೆ ಉರುಳಬೇಕು. ಇದು ಮೈಗೆ ಹತ್ತುವುದಕ್ಕೆ ನನ್ನ ನಟರಿಗೇ ತಿಂಗಳುಗಟ್ಟಲೆ ಬೇಕು. ಎಲ್ಲರೂ ಜೋಡಿಯಾದರು, ಸೋಡಾಬುಡ್ಡಿ ಒಬ್ಬ ಉಳಿದ. ಪ್ರಕಾಶಕರು ಅಕ್ಕನ ಕಡೆ ನೋಡಿ, "ಅಮ್ಮಾ, ನೀವೇ ಒಂಚೂರು ಬನ್ನಿ, ಸುಮ್ನೆ ನಿಂತ್ರೆ ಸಾಕು" ಅಂದರು. ಅಕ್ಕ ಭಾವನ ಮುಖ ನೋಡಿದಳು. ಅವರು ತಲೆ ಆಡಿಸಿದ ಮೇಲೆ ಎದ್ದು ಬಂದಳು.

ಸೋಡಾಬುಡ್ಡಿ ಇನ್ನೂ ಏನೂ ಮಾಡಿರಲಿಲ್ಲ. ಮೂಗಿನಿಂದ ಜಾರುತ್ತಿದ್ದ ಕನ್ನಡಕವನ್ನು ಮೇಲೆ ತಳ್ಳುವುದಕ್ಕೆ ಕೈ ಎತ್ತಿದ, ಅಷ್ಟೆ. ಅಕ್ಕ ಆಗಲೇ ಕೆಳಗಿದ್ದಳು. ಗದ್ದ ಎದೆಗೆ ಹೋಗಿತ್ತು, ಒಂದು ಕೈ ಕಿವಿ ಮುಚ್ಚಿತ್ತು, ಮೊಣಕಾಲು ಮಡಿಸಿ ಪಕ್ಕಕ್ಕೆ ಉರುಳಿದ್ದಳು. ಸದ್ದೇ ಆಗಲಿಲ್ಲ. ಬಿದ್ದವಳು ಅಲ್ಲೇ ಇರಲೂ ಇಲ್ಲ, ಸರಸರನೆ ಸರಿದು ಬೆನ್ನನ್ನು ಗೋಡೆಗೆ ಆನಿಸಿ ಕುಳಿತಳು. ಕುಳಿತು ನೋಡಿದ್ದು ಸೋಡಾಬುಡ್ಡಿಯನ್ನಲ್ಲ, ಭಾವನನ್ನು.

ಎಲ್ಲರೂ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. "ಅಮ್ಮಾವ್ರು ಫಸ್ಟ್ ಕ್ಲಾಸು! ಪೆಟ್ಟಮ್ಮನ ಅಕ್ಕ ಅಲ್ವೇ, ರಕ್ತದಲ್ಲೇ ಬಂದಿದೆ!" ಅಂದರು ಪ್ರಕಾಶಕರು. ಭಾವ ಕೂಡ ಮೆಲ್ಲಗೆ ತಟ್ಟಿದರು. ನಾನು ಮಾತ್ರ ತಟ್ಟಲಿಲ್ಲ. ಬೀಳುವುದನ್ನು ನಾನು ಎಷ್ಟು ಜನರಿಗೆ ಕಲಿಸಿದ್ದೇನೋ, ಬಿದ್ದ ಮೇಲೆ ಗೋಡೆಗೆ ಬೆನ್ನು ಕೊಡುವುದನ್ನು ಒಬ್ಬರಿಗೂ ಕಲಿಸಿಲ್ಲ. ಅದು ಪಾಠದಲ್ಲಿಲ್ಲ, ಅದನ್ನು ಯಾರೂ ಬೇಕೆಂದು ಕಲಿಯುವುದಿಲ್ಲ.

ಊಟದ ಬಿಡುವಿನಲ್ಲಿ ಅಕ್ಕನನ್ನು ಕೈ ತೊಳೆಯುವ ಕೋಣೆಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದೆ.

"ಬೀಳೋದು ಎಲ್ಲಿ ಕಲಿತೆ?"

"ಬೀಳೋಕೆ ಕಲೀಬೇಕೇನೆ? ಕಾಲು ಜಾರಿದ್ರೆ ತಾನಾಗೇ ಬರುತ್ತೆ" ಅಂದು ನಕ್ಕಳು.

"ಅಕ್ಕಾ, ನನ್ನ ಕಣ್ಣಿಗೆ ಮಣ್ಣೆರಚಬೇಡ. ಇದು ನನ್ನ ಹೊಟ್ಟೆಪಾಡು."

ಅವಳು ನಲ್ಲಿ ತಿರುಗಿಸಿದಳು, ಮತ್ತೆ ನಿಲ್ಲಿಸಿದಳು. ಆಮೇಲೆ, ಅಂಗಡಿಗೆ ಹೋಗಿಬಂದ ಸುದ್ದಿ ಹೇಳುವ ದನಿಯಲ್ಲಿ, "ಅವರು ಬರೆಯೋಕೆ ಮುಂಚೆ ಒಂದ್ಸಲ ಮಾಡಿ ನೋಡ್ತಾರೆ ಕಣೆ. ಟ್ರಯಲ್. ಅಷ್ಟೇ" ಅಂದಳು.

"ಯಾರ ಮೇಲೆ?"

"ಮನೇಲಿ ಇನ್ಯಾರಿದಾರೆ? ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ನಾವಿಬ್ಬರೇ ಅಲ್ವಾ."

ನನ್ನ ಮುಖ ನೋಡಿ ಅವಳೇ ಮುಂದುವರಿಸಿದಳು, ನನ್ನನ್ನು ಸಮಾಧಾನ ಮಾಡುವುದಕ್ಕೆ.

"ನೀನು ಅಂದ್ಕೊಂಡ ಹಾಗಲ್ಲ. ಸಿಟ್ಟಲ್ಲಿ ಅವರು ಒಂದು ದಿನ ಕೈ ಎತ್ತಿದವರಲ್ಲ. ಎಲ್ಲಾ ನಿಧಾನವಾಗಿ. ಮೊದಲೇ ಹೇಳ್ತಾರೆ, ಇಲ್ಲಿ ನಿಲ್ಲು, ಆ ಕಡೆ ನೋಡು ಅಂತ. ಆಮೇಲೆ ಕೂರಿಸಿ ನೀರು ಕೊಟ್ಟು, ಏನನ್ನಿಸ್ತು ಹೇಳು ಅಂತಾರೆ. ನಾನು ಹೇಳ್ತೀನಿ, ಬರ್ಕೋತಾರೆ. ಬೆಳಿಗ್ಗೆ ಆ ನಾಚಿಕೆ ಮಾತು ಹೇಳಿದ್ರಲ್ಲ, ಎಲ್ಲಾ ವಾಹ್ ಅಂದ್ರಲ್ಲ, ಅದು ನಂದೇ. ಒಂದಕ್ಷರ ಬದಲಾಯಿಸಿಲ್ಲ." ಅವಳ ಮುಖದಲ್ಲಿ ಹೆಮ್ಮೆ ಇತ್ತು. "ಪುಸ್ತಕ ಅರ್ಧ ನಿಂದೇ ಅಂತ ಅವರೇ ಅಂತಾರೆ."

ಸಿಟ್ಟಿನಲ್ಲಿ ಹೊಡೆಯುವ ಗಂಡಸರನ್ನು ನಾನು ನೋಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟೇ ಬರುತ್ತದೆ. ಇದಕ್ಕೆ ಸಿಟ್ಟು ಸಾಲಲಿಲ್ಲ, ಹೇಸಿಗೆಯಾಯಿತು. ಹೊಡೆದು, ನೀರು ಕೊಟ್ಟು, ಏನನ್ನಿಸಿತು ಎಂದು ಕೇಳಿ, ಅದನ್ನು ಮಾರುವುದು! ಆ ಕತ್ತರಿಸಿದ ಉಗುರು, ಆ ಕರವಸ್ತ್ರ, ಆ ಮೆಲು ದನಿ, ಎಲ್ಲವೂ ನೆನಪಾಗಿ ಬಾಯಲ್ಲಿ ಹುಳಿ ನೀರು ಬಂತು. ತೊಟ್ಟಿಗೆ ಉಗಿದೆ.

"ಈಗಲೇ ಹೊರಗೆ ಹೋಗಿ ಅವರ ಚಳಿ ಬಿಡಿಸ್ತೀನಿ."

ಅಕ್ಕ ನನ್ನ ಮಣಿಕಟ್ಟು ಹಿಡಿದಳು. "ನೀನೇನಾದ್ರೂ ಬಾಯಿ ಬಿಟ್ಟರೆ ನಾನು ಇನ್ನು ನಿನ್ನ ಮನೆ ಹೊಸಿಲು ತುಳಿಯಲ್ಲ. ನನ್ನಾಣೆ. ನಾನು ಬಂದಿದ್ದು ಜಗಳಕ್ಕಲ್ಲ, ನಿನ್ನ ಹತ್ರ ಒಂದು ಕೇಳೋಕೆ."

"ಏನು?"

"ಮುಂದಿನ ಅಧ್ಯಾಯ ಮೆಟ್ಟಿಲ ಮೇಲೆ ನಡೆಯುತ್ತೆ. ಕಥೇಲಿ ಬರೋ ಅವಳನ್ನ ಮೇಲಿಂದ ದೂಡ್ತಾರೆ. ನಾಳೆ ಟ್ರಯಲ್ ಅಂದಿದಾರೆ. ನಮ್ಮನೆ ಮೆಟ್ಟಿಲು ಕಲ್ಲಿಂದು, ಅಂಚೆಲ್ಲ ಚೂಪು, ನಿನಗೆ ಗೊತ್ತಲ್ಲ. ನನ್ನ ಮೊಣಕೈ ಹೋದ ಸಲದ್ದೇ ಇನ್ನೂ ನೆಟ್ಟಗಾಗಿಲ್ಲ." ಅವಳು ದನಿ ತಗ್ಗಿಸಿದಳು. "ಮೆಟ್ಟಿಲಿಂದ ಪೆಟ್ಟಾಗದ ಹಾಗೆ ಬೀಳೋದು ಹೇಗೆ ಅಂತ ಹೇಳಿಕೊಡೇ. ನಿನ್ನ ನಟರಿಗೆಲ್ಲ ಹೇಳಿಕೊಡ್ತೀಯಂತೆ."

ನನ್ನ ಒಡಹುಟ್ಟಿದವಳು ಇದನ್ನು ಕೇಳುವುದಕ್ಕೆ ಬಸ್ಸು ಹತ್ತಿ ಬಂದಿದ್ದಳು. ದೂಡಬೇಡಿ ಅನ್ನುವ ಯೋಚನೆಯೇ ಅವಳ ತಲೆಗೆ ಹೊಳೆದಿರಲಿಲ್ಲ. ಹೇಳಿಕೊಡುವುದಿಲ್ಲ ಅಂದರೆ ನಾಳೆ ಹೇಗೂ ನಿಂತುಕೊಳ್ಳುತ್ತಾಳೆ. ಹೇಳಿಕೊಟ್ಟರೆ ಇನ್ನೂ ಧೈರ್ಯವಾಗಿ ನಿಂತುಕೊಳ್ಳುತ್ತಾಳೆ. ಅಕ್ಕನ ಮೇಲೂ ಒಂದು ಕ್ಷಣ ಅಸಹ್ಯವಾಯಿತು, ಸುಳ್ಳು ಯಾಕೆ ಹೇಳಲಿ. ಅರ್ಧ ನಿಂದೇ ಅನ್ನುವ ಹೊಗಳಿಕೆಗೆ ಮೈಯನ್ನೇ ಒಡ್ಡುತ್ತಾಳಲ್ಲ ಅನ್ನಿಸಿತು.

"ಮೆಟ್ಟಿಲು ಆಮೇಲೆ. ಮಧ್ಯಾಹ್ನದ ಪಾಠ ಮುಗಿಸದೆ ನಾನು ಯಾರನ್ನೂ ಮೆಟ್ಟಿಲು ಹತ್ತಿಸಲ್ಲ" ಅಂದೆ. "ಆ ಪಾಠ ನೀನು ಭಾವನ ಜೊತೆ ಮಾಡ್ಬೇಕು. ಆಗುತ್ತಾ?"

"ಅವರು ಒಪ್ಪಿದ್ರೆ."

"ಒಪ್ಪಿಸೋದು ನನಗೆ ಬಿಡು."

ಮಧ್ಯಾಹ್ನ ಎಲ್ಲರನ್ನೂ ಸುತ್ತ ಕೂರಿಸಿ ಜುಟ್ಟು ಹಿಡಿದು ಎಳೆಯುವುದನ್ನು ತೋರಿಸಿದೆ. ರಂಗದ ಮೇಲೆ ನೋಡುವವರಿಗೆ ಎಳೆಯುವವನು ಎಳೆದಾಡಿದ ಹಾಗೆ ಕಾಣುತ್ತದೆ, ನಿಜಕ್ಕೂ ಅವನು ಮುಷ್ಟಿಯನ್ನು ತಲೆಯ ಮೇಲೆ ಸುಮ್ಮನೆ ಇಟ್ಟಿರುತ್ತಾನೆ. ಎಳೆಸಿಕೊಳ್ಳುವವಳೇ ಎರಡೂ ಕೈಯಲ್ಲಿ ಆ ಮುಷ್ಟಿಯನ್ನು ತನ್ನ ತಲೆಗೆ ಒತ್ತಿ ಹಿಡಿದುಕೊಂಡು, ತಾನೇ ಎಳೆದುಕೊಂಡು ಹೋಗುತ್ತಾಳೆ, ತಾನೇ ಕಿರುಚುತ್ತಾಳೆ, ತಾನೇ ನಿಲ್ಲಿಸುತ್ತಾಳೆ. ಲಗಾಮು ಯಾವಾಗಲೂ ಪೆಟ್ಟು ತಿನ್ನುವವರ ಕೈಯಲ್ಲಿ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ನಿಯಮವಿಲ್ಲ. ಅವರು "ಸಾಕು" ಅಂದರೆ ಎದುರಿನವರು ಕೈ ತೆಗೆದು ಹೆಜ್ಜೆ ಹಿಂದಿಡಬೇಕು, ಅರ್ಧ ಏಟಿನಲ್ಲಿದ್ದರೂ ಸರಿ. ಮತ್ತೆ ಎಲ್ಲರೂ ಎರಡೂ ಕಡೆ ನಿಲ್ಲಬೇಕು, ಒಂದು ಸಲ ಹೊಡೆಯುವ ಕಡೆ, ಒಂದು ಸಲ ತಿನ್ನುವ ಕಡೆ.

"ಭಾವ, ನೀವು ಮೊದಲು" ಅಂದೆ. "ತಿನ್ನೋ ಕಡೆ. ಅಕ್ಕ ಹಿಡೀತಾಳೆ."

ಅವರು ನಕ್ಕರು. "ನನಗೆ ಬೆನ್ನು ನೋವಮ್ಮ. ಹುಡುಗರು ಮಾಡ್ಲಿ."

"ಬೆಳಿಗ್ಗೆ ಅನುಭವ ಅಂದ್ರಲ್ಲ ಭಾವ. ಇವರೆಲ್ಲ ಅದನ್ನ ನೋಡೋಕೇ ಕಾದಿದಾರೆ."

"ಹೌದು ಸಾರ್, ಒಂದ್ಸಲ ಸಾರ್!" ಎಂದು ಎಲ್ಲರೂ ಗಂಟು ಬಿದ್ದರು. ಪ್ರಕಾಶಕರು ಮೊಬೈಲ್ ತೆಗೆದು ಫೋಟೊಗೆ ಸಿದ್ಧರಾದರು. ಹೊಗಳಿಕೆ ಬಿಟ್ಟು ಬದುಕದ ಮನುಷ್ಯ, ಬೇಡ ಅನ್ನುವುದಕ್ಕಾಗಲಿಲ್ಲ. ಬೂಟು ಬಿಚ್ಚಿ ಚಾಪೆಯ ಮೇಲೆ ಬಂದು ನಿಂತರು.

ಅಕ್ಕ ಕೈ ಎತ್ತಿದಳು. ನಾನು ತೋರಿಸಿದ ಹಾಗೇ ಮುಷ್ಟಿ ಕಟ್ಟಿ ಅವರ ತಲೆಯ ಮೇಲೆ ಇಟ್ಟಳು, ಒಂದು ಕೂದಲನ್ನೂ ಹಿಡಿದಿರಲಿಲ್ಲ. ಅಷ್ಟಕ್ಕೇ ಭಾವನ ಮುಖ ಕಪ್ಪಿಟ್ಟಿತು. ಹಣೆಯಲ್ಲಿ ಬೆವರು ಒಡೆಯಿತು, ಕಣ್ಣು ಅತ್ತಿತ್ತ ಓಡಿತು, ಕುತ್ತಿಗೆ ಸೆಟೆದುಕೊಂಡಿತು. ಯಾರು ಯಾರು ನೋಡುತ್ತಿದ್ದಾರೆ ಎಂದು ಒಂದು ಸುತ್ತು ನೋಡಿದರು.

"ಸಾಕು" ಅಂದರು. "ಸಾಕು, ಸಾಕು, ತೆಗಿ ಕೈನ!"

ಅಕ್ಕ ಥಟ್ಟನೆ ಕೈ ತೆಗೆದು ಹಿಂದೆ ಸರಿದಳು.

"ನೋಡಿದ್ರಾ?" ಅಂದೆ ಎಲ್ಲರಿಗೆ. "ಸಾಕು ಅಂದ ತಕ್ಷಣ ಬಿಟ್ಟಳು. ಹೀಗಿರಬೇಕು."

ಭಾವ ಕೂದಲು ನೇವರಿಸಿಕೊಳ್ಳುತ್ತಾ ಕುರ್ಚಿಯ ಕಡೆ ಹೊರಟಿದ್ದರು. ಅಕ್ಕ ಅಲ್ಲೇ ನಿಂತಿದ್ದಳು, ತನ್ನ ಕೈಯನ್ನು ನೋಡಿಕೊಳ್ಳುತ್ತಾ. ತರಗತಿಯಲ್ಲಿ ಅರ್ಥವಾಗದ್ದನ್ನು ಕೇಳುವವಳ ಹಾಗೆ ನನ್ನ ಕಡೆ ತಿರುಗಿದಳು.

"ಸಾಕು ಅಂದ್ರೆ ನಿಲ್ಲಿಸ್ಲೇಬೇಕಾ?"

"ನಿಲ್ಲಿಸ್ಲೇಬೇಕು."

"ಯಾರು ಅಂದ್ರೂ?"

"ಯಾರು ಅಂದ್ರೂ."

ಅವಳು ಭಾವನ ಕಡೆ ನೋಡಿದಳು. ದನಿಯಲ್ಲಿ ಆರೋಪವಿರಲಿಲ್ಲ. ನಿಜವಾಗಿಯೂ ಅನುಮಾನ ಬಂದು ಕೇಳಿದಳು.

"ಮತ್ತೆ ನಾನು ಸಾಕು ಅಂದಾಗೆಲ್ಲ ನೀವು, ಇನ್ನೊಂದ್ಸಲ, ಸರಿಯಾಗಿ ಬರಲಿಲ್ಲ ಅಂತಿದ್ರಲ್ಲ?"

ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರ ಬುಸುಗುಟ್ಟುತ್ತಿತ್ತು. ಭಾವ ತಿರುಗಿ ನಿಂತು ನಗಲು ನೋಡಿದರು. "ಇವಳದ್ದು ಯಾವಾಗಲೂ ತಮಾಷೆ. ಬಾ, ಹೊತ್ತಾಯ್ತು, ಹೋಗೋಣ."

ಅಕ್ಕ ಉಡುಪಿನ ತೋಳನ್ನು ಮೊಣಕೈಯ ಮೇಲಿನವರೆಗೆ ಸರಿಸಿದಳು. ಮೊಣಕೈ ಊದಿಕೊಂಡು ಓರೆಯಾಗಿತ್ತು. ಅದರ ಮೇಲೆ ಅಡ್ಡಕ್ಕೆ ಒಂದು ನೇರಳೆ ಪಟ್ಟಿ, ಅಂಚಿನಲ್ಲಿ ಹಳದಿಗೆ ತಿರುಗಿತ್ತು. ಗೆರೆ ಎಷ್ಟು ನೇರವಾಗಿತ್ತೆಂದರೆ ಮರದ ಅಂಚು ಎಲ್ಲಿ ಕೂತಿತ್ತೆಂದು ಬೆರಳಿಟ್ಟು ತೋರಿಸಬಹುದಿತ್ತು.

"ಬೆಳಿಗ್ಗೆ ಎಲ್ಲಾ ಹೊಗಳಿದ್ರಲ್ಲ, ಬಾಗಿಲ ಸಂದಿ" ಅಂದಳು ಬರಹಗಾರರಿಗೆ. "ಅದು ಇದೇ."

ಯಾರೋ "ಅಯ್ಯೋ" ಅಂದರು. ಇನ್ನೊಬ್ಬರು ತಲೆ ತಗ್ಗಿಸಿದರು. ಪ್ರಕಾಶಕರು ಫೋನು ಜೇಬಿಗೆ ತುರುಕಿ, ನನ್ನ ಕಿವಿಯ ಹತ್ತಿರ ಬಂದು, "ಮೇಡಂ, ಮನೆ ವಿಷಯ ಇದು, ಎಲ್ಲರ ಎದುರಿಗೆ ಯಾಕೆ? ಮುಂದಿನ ವಾರ ಅವರ ಹಿಂದಿನ ಕಾದಂಬರಿ ಬಿಡುಗಡೆ ಇದೆ" ಎಂದು ಪಿಸುಗುಟ್ಟಿದರು. ಥೂ! ಬಾಗಿಲ ಸಂದಿ ಓದಿ ಕೊಂಡಾಡಿದವರಿಗೆ ಆ ಕೈಯೇ ಎದುರಿಗೆ ಬಂದಾಗ ಬಿಡುಗಡೆಯ ಚಿಂತೆ. "ಮನೆ ವಿಷಯ ಆಗಿದ್ರೆ ಅದನ್ನ ಅಚ್ಚು ಹಾಕಿ ಯಾಕ್ರೀ ಮಾರಿದ್ರಿ?" ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಸೋಡಾಬುಡ್ಡಿ ಒಬ್ಬ ತಲೆ ತಗ್ಗಿಸಿರಲಿಲ್ಲ. ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದ. ಬರೆದು, ತಲೆ ಎತ್ತಿ ಅಕ್ಕನ ಮೊಣಕೈ ನೋಡಿ, ಮತ್ತೆ ಬರೆದ.

"ಏನದು?" ಅಂದೆ.

"ಸುಮ್ನೆ ಮೇಡಂ. ಬಣ್ಣ. ಅಂಚಿಗೆ ಹಳದಿ ಆಗುತ್ತೆ ಅಂತ ನನಗೆ ಗೊತ್ತಿರಲಿಲ್ಲ."

ಅವನ ಕೈಯಿಂದ ಹಾಳೆ ಕಿತ್ತು ಚೂರು ಚೂರು ಮಾಡಿ ಅವನ ಮುಖಕ್ಕೇ ಎಸೆದೆ. ಹೊಡೆಯದೆ ಹೊಡೆಯುವುದು ನನ್ನ ಕಸುಬು, ಆ ಹೊತ್ತು ನಿಜವಾಗಿಯೇ ಎರಡು ಬಿಗಿಯಬೇಕು ಅನ್ನಿಸಿತು. "ಎದ್ದು ಹೋಗ್ರಿ ಎಲ್ಲಾ! ಕೈಯಾರೆ ಕಲಿಯೋಕೆ ಬಂದ್ರಂತೆ ಕೈಯಾರೆ! ನಿಮ್ಮ ಜನ್ಮಕ್ಕಿಷ್ಟು ಬೆಂಕಿ ಹಾಕ!" ಎಂದು ಕಿರುಚಿದೆ. ಚಾಪೆಯ ಮೇಲೆ ಬೂಟುಕಾಲಿನಲ್ಲೇ ಓಡಾಡಿ, ತಮ್ಮ ತಮ್ಮ ಚೀಲ ಹುಡುಕಿಕೊಂಡು ಇಳಿದುಹೋದರು. ಒಬ್ಬ ಹೆಂಗಸು ಮಾತ್ರ ಹೋಗುವಾಗ ಅಕ್ಕನ ಹೆಗಲು ಮುಟ್ಟಿದಳು.

ಭಾವ ಕುರ್ಚಿಯ ಮೇಲೆ ಕುಳಿತು ಬೂಟಿನ ಲೇಸು ಕಟ್ಟುತ್ತಿದ್ದರು, ಅವಸರವಿಲ್ಲದೆ. ದನಿಯೂ ಏರಲಿಲ್ಲ.

"ನಡಿ" ಅಂದರು ಅಕ್ಕನಿಗೆ. "ಮನೇಲಿ ಮಾತಾಡೋಣ."

ಅಕ್ಕನ ಕಾಲು ಆಗಲೇ ಬಾಗಿಲ ಕಡೆಗೆ ಹೊರಟಿತ್ತು. ಇಷ್ಟೆಲ್ಲ ಆದ ಮೇಲೂ! ಚೀಲ, ಬಾಟಲಿ, ಶಾಲು ಎತ್ತಿಕೊಂಡಳು. ತಡೆಯಲು ಹೋದವಳು ಅಲ್ಲೇ ನಿಂತೆ. ನಾನು ಕೈ ಹಿಡಿದು ಎಳೆದರೆ ಅವಳನ್ನು ಎಳೆಯುವ ಇನ್ನೊಂದು ಕೈ ಆಗುತ್ತಿತ್ತು, ಅಷ್ಟೆ.

ಅವಳು ಅವೆಲ್ಲವನ್ನೂ ತಂದು ಅವರ ತೊಡೆಯ ಮೇಲೆ ಇಟ್ಟಳು.

"ನಾನು ಬರಲ್ಲ" ಅಂದಳು.

"ಏನು?"

"ಬರಲ್ಲ. ಇಲ್ಲೇ ಇರ್ತೀನಿ, ಇವಳ ಮನೇಲಿ."

ಭಾವ ನನ್ನ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು. ಮದುವೆಯಾದಾಗಿನಿಂದ ಅವರು ತಮ್ಮ ಚೀಲ ತಾವೇ ಎತ್ತಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಎತ್ತಿಕೊಂಡರು. ಬಾಟಲಿ ಕೈಜಾರಿ ಬಿದ್ದು ಉರುಳಿಹೋಯಿತು, ಅದನ್ನು ಅಲ್ಲೇ ಬಿಟ್ಟು ಇಳಿದುಹೋದರು. ಅಕ್ಕ ಬೆಂಚಿನ ಮೇಲೆ ಕುಸಿದು ಕುಳಿತಳು. ಈಗ ನೋಡಿ ಅವಳ ಕಾಲು ನಡುಗತೊಡಗಿತು, ಎರಡೂ ಕಾಲು, ನಿಲ್ಲಿಸಲು ಆಗಲೇ ಇಲ್ಲ. ನಾನು ಹೋಗಿ ಅವಳ ಮಂಡಿ ಒತ್ತಿ ಹಿಡಿದು ನೆಲದ ಮೇಲೆ ಕುಳಿತೆ.

"ನನಗೆ ಹೇಸಿಗೆ ಆಗ್ತಿದೆ ಕಣೆ" ಅಂದಳು. "ಅರ್ಧ ನಂದು ಅಂತ ಖುಷಿ ಪಟ್ಟಿದ್ದೆನಲ್ಲ, ನನ್ನ ಮೇಲೇ ಹೇಸಿಗೆ ಆಗ್ತಿದೆ."

"ಅದು ನಿನಗೆ ಆಗಬೇಕಾದ್ದಲ್ಲ" ಅಂದೆ.

ಅಷ್ಟರಲ್ಲಿ ಕೆಳಗಿನಿಂದ ಭಾವ ಕೂಗಿದರು. ಆ ಮನುಷ್ಯ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮನೆಯ ಬೀಗದ ಕೈ ಅಕ್ಕನ ಹತ್ತಿರವೇ ಇತ್ತು. ಅವಳು ಸೊಂಟದ ಚೀಲ ತಡವಿ ಬೀಗದ ಕೈಗಳ ಗೊಂಚಲು ತೆಗೆದಳು, ಒಂದು ಗಳಿಗೆ ಅಂಗೈಯಲ್ಲಿ ಹಿಡಿದುಕೊಂಡಳು, ಎದ್ದು ಕಿಟಕಿಯ ಹತ್ತಿರ ಹೋಗಿ ಕೈ ಹೊರಗೆ ಚಾಚಿ ಬಿಟ್ಟಳು. ಅದು ಟೈರ್ ಅಂಗಡಿಯ ಮುಂದಿನ ಎಣ್ಣೆ ಕಲೆಯ ಮೇಲೆ ಬಿತ್ತು. ಭಾವ ಇಸ್ತ್ರಿ ಅಂಗಿಯಲ್ಲಿ ಬಗ್ಗಿ ಎತ್ತಿಕೊಂಡು, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಮೇಲೆ ನೋಡಿದರು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಕ್ಷಮಿಸು ಅನ್ನುತ್ತಾರೇನೋ, ಕಡೇಪಕ್ಷ ಬೈಯುತ್ತಾರೇನೋ ಅಂದುಕೊಂಡೆ. ಅವರಿಗೆ ಇದ್ದ ಚಿಂತೆ ಬೇರೆ.

"ಮೆಟ್ಟಿಲ ಅಧ್ಯಾಯ ಹಾಗೇ ಉಳಿದಿದೆಯಲ್ಲೇ!" ಅಂದರು. ದನಿಯಲ್ಲಿ ನಿಜವಾದ ಸಂಕಟವಿತ್ತು. "ಅದನ್ನ ನಾನು ಹೇಗೆ ಬರೀಲಿ?"

ಅಕ್ಕ ಕಿಟಕಿಯ ಸರಳು ಹಿಡಿದು ಬಗ್ಗಿದಳು. ಉಡುಪಿನ ತೋಳು ಇನ್ನೂ ಮೇಲಕ್ಕೇ ಸರಿದಿತ್ತು, ಮೊಣಕೈ ಬೀದಿಯವರಿಗೆಲ್ಲ ಕಾಣುವ ಹಾಗೆ.

"ಬಿದ್ದು ನೋಡಿ" ಅಂದಳು. "ನೀವೇ."